ನೆರಳಿನ ಕೈ

ಬಲಗೈಯ ತೋರುಬೆರಳನ್ನು ಜಗದಾಂಬಾ ಬಸ್ಸು ಹತ್ತಿದಾಗಿನಿಂದ ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡಿದ್ದಳು. ಕಂಡಕ್ಟರು ಹತ್ತಿರ ಬಂದಾಗ ಎಡಗೈಯಲ್ಲೇ ದುಡ್ಡು ಚಾಚಿದಳು. "ಹಬ್ಬದ ಮಾರನೇ ದಿನ, ಬೆಳಬೆಳಿಗ್ಗೆ, ಎಡಗೈಲಿ ಕೊಡ್ತೀಯಲ್ಲಮ್ಮ" ಎಂದು ಅವನು ಗೊಣಗಿದ. ಪಕ್ಕದಲ್ಲಿ ಕೂತಿದ್ದ ಹೆಂಗಸು ಇವಳ ಮುಷ್ಟಿಯನ್ನು ನೋಡಿ, ಕೈಗೇನಾದರೂ ಪೆಟ್ಟಾಗಿದೆಯೋ ಏನೋ ಎಂದುಕೊಂಡು ಸ್ವಲ್ಪ ಜರುಗಿ ಜಾಗ ಕೊಟ್ಟಳು. ಆ ಜಾಗಕ್ಕೂ ತಾನು ಯೋಗ್ಯಳಲ್ಲ ಎನ್ನಿಸಿತು ಜಗದಾಂಬಾಗೆ. ಭದ್ರಾವತಿಯ ಕಾರ್ಖಾನೆಯ ಚಿಮಣಿಗಳು ಹಿಂದೆ ಸರಿದು, ಮಾಚೇನಹಳ್ಳಿ ದಾಟಿ, ಬಸ್ಸು ಶಿವಮೊಗ್ಗದ ಕಡೆ ನುಗ್ಗುತ್ತಿದ್ದಷ್ಟು ಹೊತ್ತೂ ಅವಳು ಒಂದೇ ಲೆಕ್ಕ ಹಾಕುತ್ತಿದ್ದಳು. ಈ ಬೆರಳೇ ಮೊನ್ನೆ ಆಯುಧಪೂಜೆಯ ದಿನ ದುರ್ಗಿಗುಡಿಯ ಕಂಪನಿಯ ದೊಡ್ಡ ಕಂಪ್ಯೂಟರಿನ ಗುಂಡಿ ಒತ್ತಿ ಆರಿಸಿದ್ದು. ಆರಿಸಿದಾಗ ಅದರ ಪರದೆಯ ಮೇಲೆ ಹೆಸರುಗಳು ಓಡುತ್ತಿದ್ದವು. ಓಡುತ್ತಿದ್ದದ್ದನ್ನು ನಿಲ್ಲಿಸಿದವಳು ತಾನು. ಇವತ್ತು ಅದು ಎಲ್ಲರಿಗೂ ಗೊತ್ತಾಗಿರುತ್ತದೆ, ಇಲ್ಲವೇ ಗೊತ್ತಾಗುತ್ತದೆ. ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದು ಎಂದು ಯೋಚಿಸುತ್ತಾ ತುಂಗೆಯ ಸೇತುವೆ ಬಂದದ್ದೇ ತಿಳಿಯಲಿಲ್ಲ.

ಅವಳಿಗೆ ಹೇಳಿದ್ದೇ ಒಂದು, ಅವಳು ಮಾಡಿದ್ದೇ ಒಂದು. ಪಾಲಿಟೆಕ್ನಿಕ್ಕಿನ ಕೊನೆಯ ವರ್ಷದವರು ಯಾವುದಾದರೂ ಕಂಪನಿಗೆ ಹೋಗಿ, ಒಂದೊಂದು ವಿಭಾಗದಲ್ಲಿ ಒಂದಷ್ಟು ದಿನ ಕೆಲಸ ಮಾಡುವವರ ಬೆನ್ನ ಹಿಂದೆ ನಿಂತು ನೋಡಬೇಕು ಎಂದು ಹೊಸದಾಗಿ ಬಂದ ಲೆಕ್ಚರರು ನಿಯಮ ಮಾಡಿದ್ದರು. "ನೆರಳಿನ ಹಾಗೆ ಇರಿ. ನೆರಳು ಎಲ್ಲಾ ಕಡೆ ಹೋಗುತ್ತೆ, ಏನನ್ನೂ ಮುಟ್ಟಲ್ಲ" ಎಂದಿದ್ದರು. ಕಂಪನಿಯ ಮಾಲೀಕರಾದ ಪರಮೇಶ್ವರಪ್ಪನವರಿಗೆ ಆ ಮಾತು ಬಹಳ ಹಿಡಿಸಿ, ಮೊದಲ ದಿನವೇ ಎಲ್ಲರನ್ನೂ ಕರೆದು, "ಇವಳು ನಮ್ಮ ನೆರಳು" ಎಂದು ಪರಿಚಯ ಮಾಡಿಸಿದ್ದರು. ಅವತ್ತಿನಿಂದ ಅವಳ ಹೆಸರು ಅದೇ ಆಯಿತು. ಅವಳಿಗೇನೂ ಬೇಜಾರಿರಲಿಲ್ಲ. ಇಪ್ಪತ್ತೊಂದನೇ ಶತಮಾನ ಬಂದು ಕೂತಿರುವಾಗ ಕಂಪ್ಯೂಟರಿನ ಮುಂದೆ ಜಗದಾಂಬಾ ಎಂಬ ಹೆಸರು ಹೊತ್ತು ನಿಲ್ಲುವುದಕ್ಕಿಂತ ನೆರಳೇ ವಾಸಿ. ಅದು ಅಪ್ಪನ ತಾಯಿಯ ಹೆಸರು. ಹಾಗಾಗಿ ಅಪ್ಪ ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಹುಟ್ಟಿದಾಗಿನಿಂದ "ಅವ್ವಾ" ಎನ್ನುತ್ತಾನೆ, ಬೈಯುವಾಗಲೂ ಅವ್ವಾ ಎಂದೇ ಬೈಯುವುದರಿಂದ ಬೈಗುಳಕ್ಕೆ ಕಸುವೇ ಇರುವುದಿಲ್ಲ. ಕಂಪನಿ ಎಂದರೆ ಗಾಜಿನ ಮಹಲೇನಲ್ಲ. ಕೆಳಗೆ ಬಟ್ಟೆ ಅಂಗಡಿ, ಮೇಲಿನ ಎರಡು ಅಂತಸ್ತಿನಲ್ಲಿ ಪ್ಲೈವುಡ್ಡಿನ ಗೋಡೆ ಹೊಡೆದು ಮಾಡಿದ ಗೂಡುಗಳು. ಒಂದೊಂದು ಗೂಡಿಗೂ ಒಂದೊಂದು ಡಿಪಾರ್ಟ್‌ಮೆಂಟು ಎಂಬ ದೊಡ್ಡ ಹೆಸರು. ಒಂದು ಡಿಪಾರ್ಟ್‌ಮೆಂಟಿನಲ್ಲಿ ಸೀನಿದರೆ ಇನ್ನೊಂದರಲ್ಲಿ ಶತಾಯುಸ್ಸು ಎನ್ನುತ್ತಿದ್ದರು.

ಮೊದಲು ಅವಳು ನಿಂತದ್ದು ರಶ್ಮಿಯ ಹಿಂದೆ. ರಶ್ಮಿ ಟೈಪು ಮಾಡುವವರ ಗೂಡಿನಲ್ಲಿದ್ದಳು. ಭದ್ರಾವತಿಯ ಒಂದು ನರ್ಸಿಂಗ್ ಹೋಮಿನ ಹಳೆಯ ಹೆರಿಗೆಗಳನ್ನೆಲ್ಲ ಗಣೇಶನ ಹಬ್ಬದಿಂದ ಕೂತು ಕಂಪ್ಯೂಟರಿಗೆ ಹಾಕುತ್ತಿದ್ದಳು. ತಾಯಿಯ ಹೆಸರು, ಊರು, ಗಂಡೋ ಹೆಣ್ಣೋ. ಮಧ್ಯೆ ಮಧ್ಯೆ ಬೆರಳುಗಳನ್ನು ಲಟಲಟನೆ ಮುರಿದುಕೊಳ್ಳುತ್ತಿದ್ದಳು. "ನಾನು ಹೆರದೇ ಇಷ್ಟು ಮಕ್ಕಳನ್ನ ಎತ್ತಿ ಎತ್ತಿ ಇಟ್ಟಿದ್ದೀನಿ ನೋಡು ಮಾರಾಯ್ತಿ" ಎಂದು ನಗುತ್ತಿದ್ದಳು. ಒಂದು ದಿನ ಜಗದಾಂಬಾ ತಾನೂ ಅದೇ ನರ್ಸಿಂಗ್ ಹೋಮಿನಲ್ಲಿ ಹುಟ್ಟಿದವಳು ಎಂದಾಗ, ರಶ್ಮಿ ಊಟಕ್ಕೂ ಏಳದೆ ಹುಡುಕಿ ಪರದೆಯ ಮೇಲೆ ತೋರಿಸಿದಳು: ಪುಷ್ಪಮ್ಮ, ನ್ಯೂಟೌನ್, ಹೆಣ್ಣು. ಅಷ್ಟೇ. ತನಗೆ ಹೆಸರಿಡುವ ಮೊದಲಿನ ತಾನು ಒಂದು ಹಸಿರು ಸಾಲಿನಲ್ಲಿ ಮಿಣುಕುತ್ತಿದ್ದುದನ್ನು ಅವಳು ಮತ್ತೆ ಮತ್ತೆ ಓದಿದಳು. ರಶ್ಮಿಗೆ ಟೈಪಿನ ಗೂಡಿನಿಂದ ಪ್ರೋಗ್ರಾಮು ಪರೀಕ್ಷಿಸುವವರ ಗೂಡಿಗೆ ಹೋಗುವ ಆಸೆ. ಈ ನರ್ಸಿಂಗ್ ಹೋಮಿನ ಕೆಲಸ ತಪ್ಪಿಲ್ಲದೆ ಮುಗಿದರೆ ಪರಮೇಶ್ವರಪ್ಪ ಸಾಹೇಬರು ಬಡ್ತಿ ಕೊಡುತ್ತಾರೆ ಎಂಬ ನಂಬಿಕೆ. ಟೈಪು ಮಾಡಿದ ಅಷ್ಟೂ ಹೆಸರುಗಳನ್ನು ಹಳೆಯ ರೂಪದಿಂದ ಹೊಸ ಪ್ರೋಗ್ರಾಮಿಗೆ ಸಾಗಿಸುವ ಕೆಲಸ ರೇಣುಕಾಪ್ರಸಾದನದು. ಕಂಪನಿಯಲ್ಲಿ ನಿಜವಾಗಿ ಪ್ರೋಗ್ರಾಮು ಬರೆಯುವವನು ಅವನೊಬ್ಬನೇ. ಅದನ್ನು ಸರ್ವರಿನ ಮೇಲೆ ಓಡಿಸಬೇಕು, ಶುರುವಾದರೆ ಮಧ್ಯೆ ನಿಲ್ಲಿಸುವ ಹಾಗಿಲ್ಲ, ನಿಂತರೆ ಅರ್ಧ ಅತ್ತ ಅರ್ಧ ಇತ್ತ ಆಗಿ ಎಲ್ಲಾ ಕಲಸುಮೇಲೋಗರ ಎಂದು ಅವನೇ ಅವಳಿಗೆ ವಿವರಿಸಿದ್ದ. ಸರ್ವರು ಎಂದರೆ ಒಂದು ಕಿರುಕೋಣೆಯಲ್ಲಿ ಒಂಟಿಯಾಗಿ ಕೂತ ಆ ದೊಡ್ಡ ಕಂಪ್ಯೂಟರು. ಉಳಿದವೆಲ್ಲ ಅದರ ಮರಿಗಳು. ಅದು ಎದ್ದರೆ ಕಂಪನಿ ಏಳುತ್ತದೆ.

ಪೂಜೆಯ ದಿನ ಸಾಹೇಬರ ತಾಯಿ ಪದ್ಮಮ್ಮನವರು ರೇಷ್ಮೆ ಸೀರೆಯುಟ್ಟು ಬಂದಿದ್ದರು. ಸರ್ವರಿಗೆ ವಿಭೂತಿ, ಕುಂಕುಮ, ಸೇವಂತಿಗೆ ಹಾರ. ಪೂಜೆ ಯಾರ ಕೈಲಿ ಮಾಡಿಸುವುದು ಎಂಬ ಮಾತು ಬಂದಾಗ ಪದ್ಮಮ್ಮ ಒಬ್ಬೊಬ್ಬರ ಹೆಸರನ್ನೂ ಕೇಳುತ್ತಾ ಬಂದು, ಇವಳ ಹೆಸರು ಕಿವಿಗೆ ಬಿದ್ದದ್ದೇ ತಡ, "ನವರಾತ್ರೀಲಿ ಇಂಥ ಹೆಸರಿಟ್ಕೊಂಡ ಹುಡುಗಿ ಎದುರಿಗಿರೋವಾಗ ಇನ್ಯಾರನ್ನ ಹುಡುಕ್ತೀರಿ" ಎಂದು ಆರತಿ ತಟ್ಟೆಯನ್ನು ಅವಳ ಕೈಗಿಟ್ಟರು. ಅಲ್ಲಿದ್ದವರೆಲ್ಲ ನಕ್ಕರು. ಕೆಟ್ಟ ನಗುವಲ್ಲ, ಆದರೂ ಅವಳ ಕಿವಿ ಬಿಸಿಯಾಯಿತು. ಆರತಿ ಎತ್ತಿದಳು. ಪರದೆಯ ಮೇಲೆ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಓಡುತ್ತಿದ್ದವು. ಆಮೇಲೆ ಎಲ್ಲರೂ ಬಾಗಿಲಿಗೆ ಬೂದುಗುಂಬಳಕಾಯಿ ಒಡೆಯಲು, ಸಾಹೇಬರ ಕಾರಿಗೆ ನಿಂಬೆಹಣ್ಣು ಹತ್ತಿಸಲು ಧಡಧಡ ಮೆಟ್ಟಿಲಿಳಿದು ಹೋದರು. ಅವಳು ಒಬ್ಬಳೇ ಉಳಿದಳು. ಕರ್ಪೂರದ ಹೊಗೆ, ಮಂಡಕ್ಕಿಯ ಪೊಟ್ಟಣಗಳು, ಹಾರ ಹಾಕಿಸಿಕೊಂಡ ಯಂತ್ರ. ಅವಳಿಗೆ ಅದು ದುರ್ಗಿಗುಡಿಯ ಕೋಣೆಯಾಗಿ ಉಳಿಯಲಿಲ್ಲ. ವರ್ಷಕ್ಕೊಂದು ದಿನ ಕಾರ್ಮಿಕರ ಮನೆಯವರನ್ನು ಕಾರ್ಖಾನೆಯೊಳಗೆ ಬಿಡುತ್ತಿದ್ದಾಗ, ಅಪ್ಪನ ಬೆರಳು ಹಿಡಿದುಕೊಂಡು ಹೋಗಿ ನಿಲ್ಲುತ್ತಿದ್ದ ಮೆಷಿನ್ ಶಾಪು ಅದು. ಅಪ್ಪ ಮುರುಗೇಶಪ್ಪ ಕಬ್ಬಿಣ ಕಡೆಯುವ ತನ್ನ ಲೇತಿಗೆ ಮಂಗಳಾರತಿ ಮಾಡಿ, ಕೈ ಮುಗಿದು, ಸ್ವಿಚ್ಚು ಆರಿಸಿ, "ಮಲಕ್ಕೊಪ್ಪ, ನಾಳೆ ಎಬ್ಬಿಸ್ತೀನಿ" ಎನ್ನುತ್ತಿದ್ದ. ಪೂಜೆಯಾದ ಆಯುಧವನ್ನು ದುಡಿಸಬಾರದು. ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ, ಅದು ಅವಳ ಕೈಗೇ ಗೊತ್ತಿತ್ತು. ಕೈ ಮುಂದೆ ಹೋಯಿತು. ಗುಂಡಿ ಒತ್ತಿತು. ಕೆಳಗಿದ್ದ ಯುಪಿಎಸ್ಸಿನ ಸ್ವಿಚ್ಚನ್ನೂ ತಟ್ಟಿತು. ಅದು ಕೀ ಎಂದು ಒಂದು ಸಲ ಕೂಗಿ ಸುಮ್ಮನಾಯಿತು. "ಮಲಕ್ಕೊಪ್ಪ" ಎಂದಳು ಅವಳು, ನಿಜವಾಗಿಯೂ ಬಾಯಿಬಿಟ್ಟೇ ಹೇಳಿದಳು. ಬಸ್ಸಿನ ಹೊತ್ತಾಯಿತೆಂದು ಮಂಡಕ್ಕಿಯ ಪೊಟ್ಟಣ ಎತ್ತಿಕೊಂಡು ಹಿಂದಿನ ಮೆಟ್ಟಿಲಿಳಿದು ಹೊರಟೂಹೋದಳು. ಮನಸ್ಸು ಹಗುರವಾಗಿಯೇ ಇತ್ತು. ಯಾಕೆಂದರೆ ಅವತ್ತು ಬೆಳಿಗ್ಗೆಯಷ್ಟೇ ಪರಮೇಶ್ವರಪ್ಪನವರು, "ಪರೀಕ್ಷೆ ಮುಗಿದ ಮೇಲೆ ಇಲ್ಲಿಗೇ ಬಂದ್ಬಿಡಮ್ಮ, ನಿನಗೊಂದು ಕುರ್ಚಿ ಹಾಕಿಸ್ತೀನಿ" ಎಂದಿದ್ದರು.

ಆ ಕುರ್ಚಿಯ ಸುದ್ದಿಯನ್ನು ಅಪ್ಪ ಕ್ವಾರ್ಟರ್ಸಿನ ಸಾಲಿಗೆಲ್ಲ ಹಂಚಿ ಮುಗಿಸಿದ್ದ. ವಿಜಯದಶಮಿಯ ಸಂಜೆ ಬನ್ನಿ ಸೊಪ್ಪು ಹಿಡಿದು ಮನೆ ಮನೆಗೆ ಹೋದಾಗ ಎಲ್ಲರೂ ಅದನ್ನೇ ಕೇಳಿದರು. ಬನ್ನಿ ಕೊಟ್ಟು, ಬಂಗಾರದ ಹಂಗಿರೋಣ ಎಂದು ಹಿರಿಯರ ಕಾಲಿಗೆ ಬಿದ್ದು, "ಸಾಫ್ಟ್‌ವೇರ್ ಆದ್ಯಂತೆ" ಎಂದು ಬೆನ್ನು ಸವರಿಸಿಕೊಂಡು ಮನೆಗೆ ಬಂದು ಕೂತಾಗ, ಸುಮ್ಮನೆ, ಮಾತಿಗೆ ಮಾತು ಎಂಬಂತೆ ಅಪ್ಪನನ್ನು ಕೇಳಿದಳು: ಹಬ್ಬದ ದಿನ ಕಾರ್ಖಾನೇಲಿ ಎಲ್ಲಾನೂ ಆರಿಸ್ತಾರಾ? ಅಪ್ಪ ಹೋಳಿಗೆ ಮುರಿಯುತ್ತಾ, "ಎಲ್ಲಾನೂ ಎಲ್ಲಿ ಆರಿಸ್ತಾರೆ ಅವ್ವಾ. ಲೇತು ಗೀತು ಮಲಗ್ತವೆ. ಫರ್ನೇಸು ಮಲಗಂಗಿಲ್ಲ. ಅದನ್ನ ಆರಿಸಿದ್ರೆ ಕರಗಿದ ಕಬ್ಬಿಣ ಹೊಟ್ಟೆಯೊಳಗೇ ಗಟ್ಟಿಯಾಗಿ ಕೂತ್ಬಿಡುತ್ತೆ. ಆಮೇಲೆ ಬ್ರಹ್ಮ ಬಂದ್ರೂ ಆಗಲ್ಲ. ಅದಕ್ಕೆ ಉರೀತಿರೋವಾಗಲೇ ಪೂಜೆ" ಎಂದ. ಅವಳು ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗೆ ಹಾಕಿದಳು. ಮಧ್ಯೆ ನಿಲ್ಲಿಸುವ ಹಾಗಿಲ್ಲ ಎಂದಿದ್ದನಲ್ಲ ರೇಣುಕಾಪ್ರಸಾದ. ಓಡುತ್ತಿದ್ದವಲ್ಲ ಹೆಸರುಗಳು. ತಾನು ಫರ್ನೇಸನ್ನು ಲೇತು ಎಂದುಕೊಂಡು ಮಲಗಿಸಿ ಬಂದಿದ್ದಳು. ಅಷ್ಟೂ ತಾಯಂದಿರು, ಅಷ್ಟೂ ಮಕ್ಕಳು, ಅರ್ಧ ಅತ್ತ ಅರ್ಧ ಇತ್ತ, ಒಂದು ಯಂತ್ರದ ಹೊಟ್ಟೆಯೊಳಗೆ ಗಟ್ಟಿಯಾಗಿ ಕೂತಿದ್ದಾರೆ. ಪುಷ್ಪಮ್ಮ, ನ್ಯೂಟೌನ್, ಹೆಣ್ಣು. ಅಡುಗೆಮನೆಯಲ್ಲಿ ಅಮ್ಮ ತುಪ್ಪ ಬೇಕಾ ಎಂದು ಕೇಳುತ್ತಿದ್ದಳು. ಆ ಧ್ವನಿ ತಾನು ಅಳಿಸಿಹಾಕಿದ ಒಂದು ಸಾಲಿನಿಂದ ಬರುತ್ತಿದೆ ಎನ್ನಿಸಿ ಜಗದಾಂಬಾ ಎದ್ದು ಹೋಗಿ ಅಮ್ಮನ ಸೆರಗು ಹಿಡಿದು ನಿಂತುಕೊಂಡಳು. ಮದುವೆ ವಯಸ್ಸಿಗೆ ಬಂದ ಹುಡುಗಿಗೆ ಇದೇನು ಬಂತು ಎಂದು ಅಮ್ಮ ಬಿಡಿಸಿಕೊಂಡಳು.

ಬಸ್‌ಸ್ಟ್ಯಾಂಡಿನಿಂದ ದುರ್ಗಿಗುಡಿಗೆ ನಡೆದದ್ದೂ ಸುತ್ತು ಬಳಸಿ. ಬೇಕೆಂದೇ ತಡ ಮಾಡಿದಳು. ಮುಂದಿನ ಮೆಟ್ಟಿಲು ಹತ್ತಿದರೆ ಮೊದಲು ಸಿಗುವುದೇ ಸರ್ವರಿನ ಕೋಣೆ ಎಂದು ಹಿಂದಿನ ಮೆಟ್ಟಿಲು ಹಿಡಿದು, ಗಿರಾಕಿಗಳ ಫೋನು ತೆಗೆದುಕೊಳ್ಳುವ ಗೂಡಿಗೆ ನುಸುಳಿದಳು. ಅಲ್ಲಿ ಆನಂದ ಒಬ್ಬನೇ ಇದ್ದ. ಅವನ ಕಂಪ್ಯೂಟರಿನ ಪರದೆ ಕಪ್ಪಗಿತ್ತು. ಅಷ್ಟರಲ್ಲಿ ಫೋನು ಬಂತು. "ನಮಸ್ಕಾರ ಡಾಕ್ಟರೇ... ಇಲ್ಲ ಡಾಕ್ಟರೇ, ನಮ್ಮ ಸರ್ವರ್ ಇನ್ನೂ ಎದ್ದಿಲ್ಲ... ಅದೊಂದು ಸ್ವಲ್ಪ ತೊಡಕಾಗಿದೆ, ಮಧ್ಯಾಹ್ನದ ಮೇಲೆ ನೋಡೋಣ" ಎಂದು ಅವನು ನಯವಾಗಿ ಹೇಳಿ ಇಟ್ಟ. ಭದ್ರಾವತಿಯ ನರ್ಸಿಂಗ್ ಹೋಮಿನ ಡಾಕ್ಟರೇ ಇರಬೇಕು. ಆನಂದ ತಿರುಗಿ ಅವಳನ್ನು ನೋಡಿ, "ಓ, ನೆರಳು ಇಲ್ಲೇ ಇದೆ. ರೇಣುಕಣ್ಣ ಆಗ್ಲಿಂದ ನಿನ್ನ ಕೇಳ್ತಿದ್ದಾರೆ" ಎಂದ. ಯಾಕೆ ಎಂದು ಕೇಳುವಾಗ ಅವಳ ಧ್ವನಿ ಅವಳದ್ದಾಗಿರಲಿಲ್ಲ. "ಯಾಕೆ ಅಂತ ನಿನಗೇ ಗೊತ್ತಲ್ಲ" ಎಂದು ಅವನು ನಕ್ಕ. ಹೋಗ್ತೀನಿ ಎಂದಳು. ಹೋದದ್ದು ಮಾತ್ರ ಎದುರು ದಿಕ್ಕಿನಲ್ಲಿದ್ದ ಲೆಕ್ಕಪತ್ರದ ಗೂಡಿಗೆ.

ಲೆಕ್ಕಪತ್ರದಲ್ಲಿ ಒಂದು ಕುರ್ಚಿಯ ಹಿಂದೆ ನಿಂತು ನೆರಳಿನ ಕೆಲಸ ಮಾಡುತ್ತಿರುವವಳಂತೆ ನಟಿಸಿದಳು. ಅಲ್ಲೂ ಪರದೆಗಳು ಕಪ್ಪು. ಜನ ಕೈ ಕಟ್ಟಿ ಕೂತು, ಮಡಿಕೇರಿ ದಸರಾ ಚೆಂದವೋ ಮೈಸೂರಿಂದು ಚೆಂದವೋ ಎಂದು ಚರ್ಚೆ ಮಾಡುತ್ತಿದ್ದರು. ಇವಳನ್ನು ಕಂಡವರೇ ಮಾತು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒಬ್ಬರು ಮಾತ್ರ ಗಡಿಯಾರ ನೋಡಿ, "ಹನ್ನೆರಡಾದ್ರೆ ಮುಗೀತು" ಎಂದರು. ಏನು ಮುಗಿಯಿತು ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ಪ್ಲೈವುಡ್ಡಿನ ಆಚೆಯಿಂದ ರೇಣುಕಾಪ್ರಸಾದನ ಧ್ವನಿ ಕೇಳಿತು: "ಆ ಹುಡುಗಿ ಎಲ್ಲಿ? ಬಂದಿದ್ದಾಳಂತೆ, ಕಣ್ಣಿಗೇ ಬೀಳ್ತಿಲ್ಲ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಗೆ ಸರಿಯಾಗಿ ಅವಳು ಬಾಗಿಲಿನಿಂದ ಜಾರಿ, ಬಚ್ಚಲಮನೆ ಹೊಕ್ಕು, ಅಲ್ಲಿಂದ ತಾರಸಿ ಹತ್ತಿದಳು. ತಾರಸಿಯ ಮೇಲೆ ನೀರಿನ ಟ್ಯಾಂಕಿನ ಸಂದಿಯಲ್ಲಿ ನಿಂತರೆ ಕೆಳಗೆ ಬೀದಿ ಕಾಣುತ್ತಿತ್ತು. ಮೊನ್ನೆ ಒಡೆದ ಬೂದುಗುಂಬಳದ ಕುಂಕುಮ ಹತ್ತಿದ ಚೂರುಗಳು ಇನ್ನೂ ಚರಂಡಿಯ ಪಕ್ಕ ಒಣಗುತ್ತಿದ್ದವು. ಹೀಗೇ ಕೆಳಗಿಳಿದು ಬಸ್ಸು ಹತ್ತಿಬಿಟ್ಟರೆ? ಯಾರು ನೋಡಿದ್ದಾರೆ? ನೆರಳು ತಾನೇ. ನೆರಳು ಮುಟ್ಟಿತು ಎಂದು ಯಾರು ಸಾಕ್ಷಿ ಹೇಳುತ್ತಾರೆ? ಕುರ್ಚಿ ಹೋದರೆ ಹೋಗಲಿ, ಬೇರೆ ಊರಲ್ಲಿ ಬೇರೆ ಕುರ್ಚಿ ಸಿಕ್ಕೀತು. ಆದರೆ ಅಪ್ಪ ಸಾಲು ಮನೆಗಳಿಗೆಲ್ಲ ಮತ್ತೆ ಹೋಗಿ, ಇಲ್ಲವಂತೆ, ಕುರ್ಚಿ ಇಲ್ಲವಂತೆ ಎಂದು ಹೇಳುವ ಮುಖವನ್ನು ಅವಳಿಗೆ ನೋಡಲಾಗಲಿಲ್ಲ. ಕಣ್ಣು ಮುಚ್ಚಿದರೂ ಅದೇ ಕಾಣುತ್ತಿತ್ತು.

ಕೆಳಗಿಂದ ಸಾಹೇಬರ ಗಂಟಲು ಕೇಳಿದಾಗ ಹೊತ್ತು ಎಷ್ಟೋ ಕಳೆದಿತ್ತು. "ರಶ್ಮೀನ ಕರೀರಿ." ಅವಳು ಮೆಟ್ಟಿಲ ತಿರುವಿನವರೆಗೆ ಇಳಿದಳು. ಸಾಹೇಬರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ರಶ್ಮಿ ಸೆರಗು ಸರಿಮಾಡಿಕೊಳ್ಳುತ್ತಾ ಒಳಗೆ ಹೋದದ್ದು ಕಾಣಿಸಿತು. ಜಗದಾಂಬಾ ಬಾಗಿಲ ಪಕ್ಕದ ಪ್ಲೈವುಡ್ಡಿಗೆ ಬೆನ್ನು ಹಚ್ಚಿ ನಿಂತಳು.

"ಮೊನ್ನೆ ಕಡೇಲಿ ಬೀಗ ಹಾಕಿದ್ದು ನೀನೇ ತಾನೇ ರಶ್ಮಿ?"

"ಹೌದು ಸರ್. ನಾನೇ."

"ಸರ್ವರ್ ರೂಮಿಂದು?"

"ಅದಕ್ಕೂ ನಾನೇ ಹಾಕಿದ್ದು ಸರ್."

"ಮತ್ತೆ ಇದು ಹೆಂಗಾಯ್ತು?"

ಜಗದಾಂಬಾಗೆ ರಶ್ಮಿ ಬೆರಳು ಲಟಲಟ ಮುರಿಯುವ ಸದ್ದು ಕೇಳಿದಂತಾಯಿತು. ಈಗ ಹೋಗಬೇಕು ಎಂದುಕೊಂಡಳು. ಕಾಲು ಏಳಲಿಲ್ಲ. ರಶ್ಮಿಗೆ ಹೆಚ್ಚೆಂದರೆ ಏನು ಮಾಡಿಯಾರು, ಹಳಬಳು, ಒಂದು ಮಾತು ಬೈದು ಬಿಡುತ್ತಾರೆ. ನನ್ನ ಹಾಗಲ್ಲ, ಅವಳಿಗೆ ಕುರ್ಚಿ ಆಗಲೇ ಇದೆ. ಹೀಗೆ ಯೋಚಿಸಿದ್ದು ತಾನೇ ಎಂದು ತಿಳಿದಾಗ ಅವಳಿಗೆ ಹೇಸಿಗೆಯಾಯಿತು. ಇಷ್ಟು ನಯವಾಗಿ, ಇಷ್ಟು ಅಚ್ಚುಕಟ್ಟಾಗಿ ತನ್ನೊಳಗೆ ಯಾರೋ ಕೂತು ಲೆಕ್ಕ ಹಾಕಿಕೊಡುತ್ತಿದ್ದಾರೆ. ಪುಷ್ಪಮ್ಮ, ನ್ಯೂಟೌನ್, ಹೆಣ್ಣು ಎಂದು ಊಟ ಬಿಟ್ಟು ಹುಡುಕಿ ತೋರಿಸಿದವಳು ರಶ್ಮಿ. ಆದರೂ ನಿಂತೇ ಇದ್ದಳು. ಇನ್ನೊಂದು ಉಸಿರು, ಮತ್ತೊಂದು ಉಸಿರು. ಎಷ್ಟು ಹೊತ್ತು ಎಂದು ಆಮೇಲೆ ಅವಳಿಗೇ ಹೇಳಲಾಗಲಿಲ್ಲ. "ನನಗೆ ಗೊತ್ತಿಲ್ಲ ಸರ್" ಎಂದು ರಶ್ಮಿ ಸಣ್ಣ ಧ್ವನಿಯಲ್ಲಿ ಅಂದಳು. ಆ ಧ್ವನಿ ಕೇಳಿದ್ದೇ ಕಾಲು ತಾನಾಗಿ ಒಳಗೆ ನಡೆಯಿತು.

ಕೋಣೆಯಲ್ಲಿ ಸಾಹೇಬರಿದ್ದರು, ರೇಣುಕಾಪ್ರಸಾದನಿದ್ದ, ರಶ್ಮಿ ಇದ್ದಳು. ಸೋಫಾದ ಮೇಲೆ ಪದ್ಮಮ್ಮನವರು ಮೊನ್ನೆಯ ಹಾಗೇ ತಟ್ಟೆ ಹಿಡಿದು ಕೂತಿದ್ದರು. ಅವರು ಯಾಕೆ ಬಂದಿದ್ದಾರೆ ಎಂದು ಯೋಚಿಸುವಷ್ಟು ಬುದ್ಧಿ ಅವಳಿಗೆ ಆಗ ಇರಲಿಲ್ಲ.

"ಸರ್, ರಶ್ಮಿ ಅಕ್ಕನ ತಪ್ಪಿಲ್ಲ" ಎಂದಳು. "ಮೆಷಿನ್ ಆಫ್ ಮಾಡಿದ್ದು ನಾನು. ಪೂಜೆ ಆದ್ಮೇಲೆ ನಾನೇ ಆರಿಸ್ದೆ. ಯುಪಿಎಸ್ ಕೂಡ. ನನಗೆ ಏನೂ ಮುಟ್ಬೇಡ ಅಂದಿದ್ರಿ, ಮುಟ್ಟಿದೆ."

ಅಷ್ಟು ಹೇಳಿ ಬಲಗೈಯನ್ನು ಮುಂದೆ ಚಾಚಿದಳು, ಶಾಲೆಯಲ್ಲಿ ಬೆತ್ತದ ಏಟಿಗೆ ಚಾಚುವ ಹಾಗೆ. ಯಾಕೆ ಹಾಗೆ ಮಾಡಿದಳೋ ದೇವರೇ ಬಲ್ಲ. ಪದ್ಮಮ್ಮನವರೇ ಮೊದಲು ಬಾಯಿ ತೆರೆದರು.

"ಅಲ್ಲ ಕಣೇ ಹುಡುಗಿ. ನೀನಲ್ದೆ ಇನ್ಯಾರು ಆರಿಸ್ಬೇಕಿತ್ತು?"

ಅವಳಿಗೆ ಅರ್ಥವಾಗಲಿಲ್ಲ. ಸಾಹೇಬರ ಕಡೆ ನೋಡಿದಳು. ಸಾಹೇಬರು ರೇಣುಕಾಪ್ರಸಾದನ ಕಡೆ ನೋಡಿದರು. ಅವನು ತಲೆ ಕೆರೆದುಕೊಂಡ.

"ಪೂಜೆ ಮಾಡಿದ ಕೈಯೇ ಮಲಗಿಸ್ಬೇಕು, ಮಲಗಿಸಿದ ಕೈಯೇ ಎಬ್ಬಿಸ್ಬೇಕು" ಎಂದರು ಪದ್ಮಮ್ಮ. "ನಮ್ಮ ಮಾವನವರ ಕಾಲದ ಎಣ್ಣೆ ಗಾಣದಿಂದ ಹಂಗೇ ನಡ್ಕೊಂಡು ಬಂದಿರೋದು. ಮೊನ್ನೆ ಕುಂಬಳಕಾಯಿ ಒಡೆಯೋವಾಗ ಎಲ್ರಿಗೂ ಹೇಳಿದ್ನಲ್ಲ. ನಿನ್ನೆ ಆಫೀಸಿಗೆ ರಜೆ. ಅದಕ್ಕೆ ಇವತ್ತು ಎಬ್ಬಿಸೋಣ ಅಂತ ಬೆಳಿಗ್ಗಿಂದ ನಿನಗೇ ಕಾಯ್ತಾ ಕೂತಿದ್ದೀನಿ. ಬುಧವಾರ, ಹನ್ನೆರಡಕ್ಕೆ ರಾಹುಕಾಲ. ಅಷ್ಟರೊಳಗೆ ಆಗ್ಲಿ ಅಂದ್ರೆ ನೀನು ಪತ್ತೆನೇ ಇಲ್ಲ."

ಕುಂಬಳಕಾಯಿ ಒಡೆಯುವಾಗ ತಾನು ಕೆಳಗಿರಲಿಲ್ಲ. ಅದೊಂದೇ ಮಾತು ಅವಳ ತಲೆಯಲ್ಲಿ ಸುತ್ತಿತು. ಎಲ್ಲರೂ ಕೇಳಿಸಿಕೊಂಡ ಮಾತನ್ನು ತಾನೊಬ್ಬಳು ಕೇಳಿಸಿಕೊಂಡಿರಲಿಲ್ಲ. ಆದರೆ ಕೈ ಕೇಳಿಸಿಕೊಳ್ಳದೆಯೂ ಅದನ್ನೇ ಮಾಡಿತ್ತು. ಕಪ್ಪು ಪರದೆಗಳು, ಕೈ ಕಟ್ಟಿ ಕೂತ ಜನ, ಡಾಕ್ಟರಿಗೆ ಆನಂದ ಹೇಳಿದ ತೊಡಕು, ನಿನಗೇ ಗೊತ್ತಲ್ಲ ಎಂಬ ನಗು. ಆ ತೊಡಕು ತಾನೇ. ಇಡೀ ಕಂಪನಿ ತನ್ನೊಂದು ಬೆರಳಿಗೆ ಕಾದು ಕೂತಿದ್ದಾಗ ತಾನು ನೀರಿನ ಟ್ಯಾಂಕಿನ ಸಂದಿಯಲ್ಲಿ ಆ ಬೆರಳನ್ನು ಬಚ್ಚಿಟ್ಟುಕೊಂಡು ನಿಂತಿದ್ದಳು. ಆದರೂ ಪೂರ್ತಿ ನಂಬಲು ಹೆದರಿಕೆ.

"ಹೆಸರು ಓಡ್ತಿದ್ವಲ್ಲ ಸರ್" ಎಂದಳು ರೇಣುಕಾಪ್ರಸಾದನಿಗೆ. "ನರ್ಸಿಂಗ್ ಹೋಮಿಂದು. ಮಧ್ಯೆ ನಿಲ್ಲಿಸಿದ್ರೆ ಎಲ್ಲಾ ಹಾಳಾಗುತ್ತೆ ಅಂದಿದ್ರಿ."

"ಅಯ್ಯೋ ಮಾರಾಯ್ತಿ" ಎಂದ ಅವನು. ನಗು ತಡೆಯಲು ಹೋಗಿ ಸೋತ. "ಮಹಾನವಮಿ ದಿನ ಯಾರಾದ್ರೂ ಮೆಷಿನ್ ದುಡಿಸ್ತಾರಾ? ನಮ್ಮಮ್ಮ ಮನೆಗೆ ಸೇರಿಸ್ತಿರ್ಲಿಲ್ಲ. ಆ ಕೆಲಸ ಹಿಂದಿನ ದಿನವೇ ಮುಗಿಸಿ, ಟೇಪಿಗೆ ನಕಲು ತೆಗೆದು ಬೀರುವಿನಲ್ಲಿಟ್ಟಿದ್ದೀನಿ. ಕಪ್ಪು ಪರದೆಗೆ ಆರತಿ ಎತ್ತೋದು ಹೆಂಗೆ, ದೀಪ ಆರಿದಂಗೆ ಕಾಣುತ್ತೆ ಅಂತ ಅಮ್ಮಾವ್ರು ಅಂದ್ರು. ಅದಕ್ಕೆ ನೋಡೋರಿಗಿರ್ಲಿ ಅಂತ ಬರೀ ಹೆಸರು ಓಡೋಕೆ ಬಿಟ್ಟಿದ್ದೆ. ಕುಂಬಳಕಾಯಿ ಒಡೆದಾದ್ಮೇಲೆ ನಿನ್ನ ಕೈಲಿ ಆರಿಸೋಣ ಅಂತ ಮೇಲೆ ಬಂದೆ. ನೋಡಿದ್ರೆ ನೀನು ಆಗಲೇ ಆರಿಸಿ ಹೋಗಿದ್ದೀಯ. ಈ ಹುಡುಗಿಗೆ ಹೇಳಿಕೊಡೋದೇ ಬೇಡ, ಎಲ್ಲಾ ಗೊತ್ತು ಅಂದ್ಕೊಂಡೆ."

ಹೋದ ಜೀವ ಬಂದಂತಾಯಿತು ಎನ್ನುತ್ತಾರಲ್ಲ, ಅದು ಎಲ್ಲಿಂದ ಬರುತ್ತದೆ ಎಂದು ಜಗದಾಂಬಾಗೆ ಅವತ್ತು ಗೊತ್ತಾಯಿತು. ಅಂಗಾಲಿನಿಂದ ಬರುತ್ತದೆ. ಮೇಲೇರಿ ಕಣ್ಣಿಗೆ ಬಂದು ನಿಲ್ಲುತ್ತದೆ. ಹೆಸರುಗಳು ಇವೆ. ತಾಯಂದಿರು, ಊರುಗಳು, ಗಂಡು, ಹೆಣ್ಣು, ಎಲ್ಲಾ ಬೀರುವಿನೊಳಗೆ ತಣ್ಣಗೆ ಇದ್ದಾರೆ. ಅಳಬಾರದೆಂದು ತುಟಿ ಕಚ್ಚಿಕೊಂಡು ನಗಲು ಹೋಗಿ ಎರಡೂ ಒಟ್ಟಿಗೆ ಬಂದು ಮೂಗು ಸೋರಿತು. ರಶ್ಮಿ ತನ್ನ ಸೆರಗಿನ ತುದಿಯನ್ನೇ ಕೊಟ್ಟಳು. "ಮತ್ತೆ ನಿನ್ನನ್ನ ಯಾಕೆ ಕೇಳ್ತಿದ್ರು ಅಕ್ಕ, ಹೆಂಗಾಯ್ತು ಇದು ಅಂತ?" ಎಂದು ಜಗದಾಂಬಾ ಅವಳ ಕಿವಿಯಲ್ಲಿ ಕೇಳಿದಳು. ಕೇಳಿಸಿಕೊಂಡ ಸಾಹೇಬರು ಮೇಜಿನ ಮೇಲಿದ್ದ ಬೆಳ್ಳಿಯ ಕುಂಕುಮದ ಭರಣಿ ಎತ್ತಿ ತೋರಿಸಿದರು. ಅದರ ಮುಚ್ಚಳ ಜಜ್ಜಿ ಚಪ್ಪಟೆಯಾಗಿತ್ತು. ಸರ್ವರಿನ ಕೋಣೆಯಲ್ಲಿ ಬಿಟ್ಟುಹೋದ ಭರಣಿ, ಬಾಗಿಲಿಗೆ ಸಿಕ್ಕಿತ್ತು. "ಅಮ್ಮನ ತವರುಮನೇದು. ಯಾರನ್ನಾದ್ರೂ ಕೇಳ್ಬೇಕಲ್ಲಮ್ಮ" ಎಂದರು, ಸ್ವಲ್ಪ ನಾಚಿಕೊಂಡೇ. ರಶ್ಮಿಯ ಕೆನ್ನೆ ಕೆಂಪಗಾಯಿತು. "ಬಾಗಿಲು ಎಳೆದಾಗ ಏನೋ ಕಟಕ್ಕಂದಿತ್ತು ಸರ್. ನಾನು ಮಂಡಕ್ಕಿ ಅಂದ್ಕೊಂಡೆ" ಎಂದಳು. ಪದ್ಮಮ್ಮನವರು ಮೊದಲು ನಕ್ಕರು, ಆಮೇಲೆ ನಗಲು ಎಲ್ಲರಿಗೂ ಅಪ್ಪಣೆ ಸಿಕ್ಕಂತಾಯಿತು.

ರಾಹುಕಾಲ ಕಳೆಯುವವರೆಗೆ ಎಲ್ಲರೂ ಊಟ ಮಾಡಿದರು. ಜಗದಾಂಬಾ ತನ್ನ ಬುತ್ತಿಯ ಜೊತೆಗೆ ರಶ್ಮಿಯ ಬುತ್ತಿಯಲ್ಲೂ ಪಾಲು ತಿಂದಳು. ಹೊಟ್ಟೆ ನಿನ್ನೆಯಿಂದ ಹಸಿದದ್ದು ಆಗ ನೆನಪಾಯಿತು. ಆಮೇಲೆ ಸರ್ವರಿನ ಕೋಣೆಯ ಬಾಗಿಲಿಗೆ ಅಷ್ಟೂ ಡಿಪಾರ್ಟ್‌ಮೆಂಟುಗಳು ಬಂದು ನಿಂತವು. ಬಾಡಿದ ಸೇವಂತಿಗೆ ಹಾರದೊಳಗೆ ಯಂತ್ರ ಅವಳು ಬಿಟ್ಟುಹೋದ ಹಾಗೇ ಕೂತಿತ್ತು. ಪದ್ಮಮ್ಮ ಅವಳ ಬೆರಳಿಗೆ ಕುಂಕುಮ ಹಚ್ಚಿದರು. ಬೆಳಿಗ್ಗೆ ಕಂಡಕ್ಟರಿಗೂ ತೋರಿಸದ ಬೆರಳನ್ನು ಎಲ್ಲರೆದುರು ಬಿಡಿಸಿ ಗುಂಡಿ ಒತ್ತಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಒಳಗೆಲ್ಲೋ ಫ್ಯಾನು ತಿರುಗಿತು, ಕಿರ್ರೆಂದಿತು, ಕಪ್ಪು ಪರದೆಯ ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಣುಕಿತು. ಆಚೆ ಗೂಡುಗಳಿಂದ ಒಂದೊಂದಾಗಿ ಮರಿಗಳು ಏಳುವ ಸದ್ದು. "ನೆರಳಿಗೂ ಕೈ ಇದೆ ಅಂತಾಯ್ತು" ಎಂದು ರಶ್ಮಿ ಅವಳ ಬೆನ್ನಿಗೊಂದು ಗುದ್ದು ಕೊಟ್ಟು ತನ್ನ ಕುರ್ಚಿಗೆ ಓಡಿದಳು. ಸಾಹೇಬರು ರಶ್ಮಿಯನ್ನು ಕೂಗಿ, ನಾಳೆಯಿಂದ ಪರೀಕ್ಷಿಸುವವರ ಗೂಡಿನಲ್ಲಿ ಕೂರಲು ಹೇಳಿದ್ದು ಜಗದಾಂಬಾಗೆ ಅರ್ಧ ಕೇಳಿಸಿತು. ಅವಳ ಬೆನ್ನಿನ ಮೇಲೆ ಗುದ್ದು ಬಿದ್ದ ಜಾಗ ಬೆಚ್ಚಗಿತ್ತು. ಅಲ್ಲೇ ಎಲ್ಲೋ ಪ್ಲೈವುಡ್ಡಿಗೆ ಹಚ್ಚಿ ನಿಂತ ತಣುಪೂ ಇತ್ತು.

ಸಂಜೆ ಭದ್ರಾವತಿಯಲ್ಲಿ ಇಳಿದಾಗ ಅಪ್ಪ ಶಿಫ್ಟು ಮುಗಿಸಿಕೊಂಡು ಸೈಕಲ್ಲು ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದಿದ್ದ. ಇಬ್ಬರೂ ಸೈಕಲ್ಲು ತಳ್ಳಿಕೊಂಡು ಸೇತುವೆಯ ಮೇಲೆ ನಡೆದರು. ನಡೆಯುತ್ತಾ ಅವಳು ಎಲ್ಲವನ್ನೂ ಹೇಳಿದಳು. ಅಪ್ಪ ನಡುನಡುವೆ ನಿಂತು ನಕ್ಕ. "ಅಲ್ಲ ಅವ್ವಾ, ಪೂಜೆ ಮಾಡಿದ ಕೈಯೇ ಎಬ್ಬಿಸ್ಬೇಕು ಅನ್ನೋದು ನಿನಗೆ ಗೊತ್ತಿರ್ಲಿಲ್ವಾ? ನಾನು ಪ್ರತಿವರ್ಷ ದಶಮಿ ದಿನ ಬೆಳಿಗ್ಗೆ 'ಲೇತು ಎಬ್ಬಿಸಿ ಬರ್ತೀನಿ' ಅಂತ ಯಾಕೆ ಓಡ್ತಿದ್ದೆ ಮತ್ತೆ?" ಎಂದ. ಅವಳಿಗೆ ಮಲಗಿಸುವುದಷ್ಟೇ ತೋರಿಸಿದ್ದು, ಎಬ್ಬಿಸುವ ದಿನ ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಸೇತುವೆ ದಾಟುವಷ್ಟರಲ್ಲಿ, ಹೇಳಬಾರದೆಂದು ಇಟ್ಟುಕೊಂಡಿದ್ದನ್ನೂ ಹೇಳಿದಳು.

"ಅಪ್ಪಾಜಿ, ರಶ್ಮಿ ಅಕ್ಕನ್ನ ಕೇಳ್ತಿದ್ದಾಗ ನಾನು ಬಾಗಿಲ ಹೊರಗೆ ನಿಂತಿದ್ದೆ. ತಕ್ಷಣ ಒಳಗೆ ಹೋಗ್ಲಿಲ್ಲ."

ಅಪ್ಪ ಸೈಕಲ್ಲಿನ ಬ್ರೇಕು ಹಿಡಿದು ನಿಂತ. ಕಾರ್ಖಾನೆಯ ಕಡೆಯ ಆಕಾಶ ಕೆಂಪಗೆ ಉಸಿರಾಡುತ್ತಿತ್ತು; ಫರ್ನೇಸು ಎದ್ದೇ ಇತ್ತು.

"ಆಮೇಲೆ ಹೋದ್ಯಾ?"

"ಹೋದೆ."

"ಏನೂ ಹಾಳಾಗಿಲ್ಲ ಅಂತ ಗೊತ್ತಾದ್ಮೇಲೆ ಹೋದ್ಯೋ, ಗೊತ್ತಾಗೋಕೆ ಮುಂಚೆ ಹೋದ್ಯೋ?"

"ಮುಂಚೆ."

"ಹಂಗಾದ್ರೆ ಆಯ್ತು ಬಿಡವ್ವಾ" ಎಂದ ಅಪ್ಪ. ಸೈಕಲ್ಲು ಹತ್ತಿ, ಹಿಂದೆ ಕೂರು ಎಂದು ಸೀಟು ತಟ್ಟಿದ. ಅವಳು ಚಿಕ್ಕವಳಿದ್ದಾಗಿನ ಹಾಗೆ ಎರಡು ಕೈಯಲ್ಲೂ ಅವನ ಅಂಗಿ ಹಿಡಿದುಕೊಂಡು ಕೂತಳು. ಬೆರಳಿನ ಕುಂಕುಮ ಅಂಗಿಗೆ ಹತ್ತಿತು.